ಪ್ಯಾನೆಲ್‌ಗೆ ತಿಳಿಯುವುದು ಓಮ್ ಮಾತ್ರ

ಮನೆಯ ಹಳೆಯ ಬರ್ಗ್ಲರ್ ಅಲಾರಂನ ಪ್ಯಾನೆಲ್, ಅಂದರೆ ಸೆನ್ಸರ್‌ಗಳ ವೈರ್‌ಗಳೆಲ್ಲ ಬಂದು ಸೇರುವ ಡಬ್ಬ, ಕೆಟ್ಟು ನಿಂತಾಗ ನನ್ನ ಮುಂದೆ ಎರಡು ದಾರಿ ಇದ್ದವು. ಎಲ್ಲವನ್ನೂ ಕಿತ್ತು ವೈರ್‌ಲೆಸ್ ಸಿಸ್ಟಮ್ ಹಾಕುವುದು ಒಂದು. ಗೋಡೆಯೊಳಗೆ ಈಗಾಗಲೇ ಇರುವ ವೈರ್‌ಗಳಿಗೇ ಹೊಸ ಪ್ಯಾನೆಲ್ ಕೂರಿಸುವುದು ಇನ್ನೊಂದು. ನಾನು ಎರಡನೆಯದನ್ನು ಆರಿಸಿಕೊಂಡೆ. ವೈರ್‌ಲೆಸ್ ಸುಲಭ, ನಿಜ. ಆದರೆ ಪ್ರತಿ ಕಿಟಕಿಯ ಸೆನ್ಸರ್‌ಗೂ ಒಂದೊಂದು ಸೆಲ್ ಬೇಕು. ಯಾವುದು ಯಾವಾಗ ಮುಗಿಯುತ್ತದೆ ಅಂತ ಲೆಕ್ಕ ಇಡುವ ತಾಳ್ಮೆ ನನಗಿಲ್ಲ. ಬೆಸುಗೆ ಹಾಕುವುದು, ಮಲ್ಟಿಮೀಟರ್ ಹಿಡಿಯುವುದು ಹಳೆಯ ಅಭ್ಯಾಸ. ಮೇನ್ಸ್ ಕಡೆಯ ಕೆಲಸಕ್ಕೆ ಮಾತ್ರ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದೆ. ಅವರು ಬಂದು ಡಬ್ಬದ ಬಾಗಿಲು ತೆಗೆದು ನೋಡಿ, "ಇದೇನು ಸರ್, ಹಳೇದರಲ್ಲಿ ಹೇಗಿತ್ತೋ ಹಾಗೇ ಹೊಸದಕ್ಕೆ ಸಿಕ್ಕಿಸಿಬಿಟ್ರೆ ಆಯ್ತಲ್ಲ" ಅಂದರು.

ಹಾಗೆ ಸಿಕ್ಕಿಸಿದ್ದರೆ ಅಲಾರಂ ಖಂಡಿತ ನಡೆಯುತ್ತಿತ್ತು. ಆದರೆ ಅರ್ಧ ಕುರುಡಾಗಿ ನಡೆಯುತ್ತಿತ್ತು. ಯಾಕೆ ಅನ್ನುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಹಳೆಯ ಬೋರ್ಡಿನ ಫೋಟೋ ತೆಗೆದುಕೊಂಡೆ. ಟರ್ಮಿನಲ್‌ಗಳ (ವೈರ್ ಸಿಕ್ಕಿಸುವ ಸ್ಕ್ರೂಗಳ) ಮೇಲಿನ ಅಕ್ಷರ ಓದುವಷ್ಟು ಹತ್ತಿರದಿಂದ, ಬೇರೆ ಬೇರೆ ಕೋನದಿಂದ. ಆಮೇಲೆ ಮೇನ್ಸ್‌ನ ಎಂಸಿಬಿ ಇಳಿಸಿ, ಬ್ಯಾಟರಿಯ ಎರಡೂ ತಂತಿ ಕಳಚಿದೆ. ಈ ಎರಡನೆಯದನ್ನು ಮರೆಯುವವರೇ ಜಾಸ್ತಿ. ಮೇನ್ಸ್ ಹೋದರೂ ಕೆಲಸ ಮಾಡಬೇಕು ಅಂತಲೇ ಅಲ್ವಾ ಬ್ಯಾಟರಿ ಇಟ್ಟಿರುವುದು. ಅದು ಇರುವವರೆಗೂ ಬೋರ್ಡಿನಲ್ಲಿ ಕರೆಂಟ್ ಇರುತ್ತದೆ, ಸೈರನ್ ಯಾವ ಗಳಿಗೆಯಲ್ಲಾದರೂ ಕೂಗಬಹುದು.

ಡಬ್ಬದೊಳಗೆ ಬಂದಿದ್ದ ಕೇಬಲ್‌ಗಳ ಗೊಂಚಲಿಗೆ ಒಂದೇ ಒಂದು ಚೀಟಿ ಇರಲಿಲ್ಲ. ಎಲ್ಲವೂ ಬಿಳಿ, ಎಲ್ಲದರಲ್ಲೂ ಅವೇ ಬಣ್ಣದ ಒಳತಂತಿಗಳು. ಯಾವುದು ಮುಂಬಾಗಿಲಿನದು, ಯಾವುದು ಕೋಣೆಯ ಪಿಐಆರ್‌ನದು (ಓಡಾಟ ಕಂಡುಹಿಡಿಯುವ ಸೆನ್ಸರ್‌ನದು) ಅಂತ ಪತ್ತೆ ಮಾಡುವುದಕ್ಕೇ ಹೆಚ್ಚು ಸಮಯ ಹಿಡಿಯಿತು. ವಿಧಾನ ಸರಳ. ಸೆನ್ಸರ್ ಇರುವ ತುದಿಯಲ್ಲಿ ಎರಡು ತಂತಿಗಳನ್ನು ಹೊಸೆದು ಸೇರಿಸಬೇಕು. ಡಬ್ಬದ ತುದಿಯಲ್ಲಿ ಮೀಟರನ್ನು ಬೀಪ್ ಹೊಡೆಯುವ ಕಡೆಗೆ ತಿರುಗಿಸಿ ಒಂದೊಂದೇ ಜೋಡಿ ಮುಟ್ಟುತ್ತಾ ಹೋಗಬೇಕು. ಬೀಪ್ ಬಂದ ಕೇಬಲ್‌ಗೆ ಆಗಲೇ ಟೇಪ್ ಸುತ್ತಿ ಹೆಸರು ಬರೆಯಬೇಕು. ಆಮೇಲೆ ಬರೆದರಾಯಿತು ಅಂತ ಬಿಟ್ಟರೆ ಮತ್ತೆ ಮೊದಲಿಂದ.

ಹೀಗೆ ಹುಡುಕುವಾಗಲೇ ಹಳೆಯ ಕೆಲಸದ ಗುಟ್ಟು ಹೊರಬಿತ್ತು. ಒಂದೊಂದು ಸೆನ್ಸರ್‌ನ ಲೈನಿಗೆ ಝೋನ್ ಅನ್ನುತ್ತಾರೆ. ಹಳೆಯ ಬೋರ್ಡಿನ ಪ್ರತಿ ಝೋನ್ ಟರ್ಮಿನಲ್‌ನಲ್ಲೂ ಒಂದೊಂದು ಪುಟ್ಟ ರೆಸಿಸ್ಟರ್ ಇತ್ತು, ಕರೆಂಟಿನ ಹರಿವಿಗೆ ಅಡ್ಡಿ ಒಡ್ಡುವ ಬಿಡಿಭಾಗ. ಆ ಅಡ್ಡಿಯ ಅಳತೆಯೇ ಓಮ್. ಕೆಂಪು, ಕೆಂಪು, ಕೆಂಪು ಪಟ್ಟಿ, ಅಂದರೆ 2.2 ಕಿಲೋಓಮ್. ಅದನ್ನು ಡಬ್ಬದೊಳಗೇ ಸ್ಕ್ರೂ ಕೆಳಗೆ ಸಿಕ್ಕಿಸಿ, ಇನ್ನೊಂದು ಕಾಲಿಗೆ ಸೆನ್ಸರ್‌ನ ವೈರ್ ಹೊಸೆದಿದ್ದರು. ಇದಕ್ಕೆ ಎಂಡ್ ಆಫ್ ಲೈನ್ ರೆಸಿಸ್ಟರ್ ಅಂತ ಹೆಸರು. ಲೈನಿನ ಕೊನೆಯಲ್ಲಿ, ಸೆನ್ಸರ್ ಹತ್ತಿರ ಇರಬೇಕಾದದ್ದು. ಇಲ್ಲಿ ಲೈನಿನ ಶುರುವಿನಲ್ಲೇ ಇತ್ತು.

ಅದರಲ್ಲೇನು ಅಂತಹ ವ್ಯತ್ಯಾಸ? ಪ್ಯಾನೆಲ್‌ಗೆ ಬಾಗಿಲು, ಕಿಟಕಿ, ಕಳ್ಳ ಯಾವುದೂ ಗೊತ್ತಿಲ್ಲ. ಎರಡು ಟರ್ಮಿನಲ್ ನಡುವೆ ಎಷ್ಟು ಓಮ್ ಇದೆ ಎನ್ನುವುದಷ್ಟೇ ಅದಕ್ಕೆ ತಿಳಿಯುವುದು. ಬಾಗಿಲು ಮುಚ್ಚಿದ್ದಾಗ ಸ್ವಿಚ್ ಕೂಡಿಕೊಂಡಿರುತ್ತದೆ, ಪ್ಯಾನೆಲ್‌ಗೆ ರೆಸಿಸ್ಟರ್‌ನ ಓಮ್ ಕಾಣುತ್ತದೆ. ಬಾಗಿಲು ತೆರೆದರೆ ಸರ್ಕ್ಯೂಟ್ ಕಡಿಯುತ್ತದೆ, ಲೆಕ್ಕವಿಲ್ಲದಷ್ಟು ಓಮ್. ವೈರನ್ನು ಯಾರಾದರೂ ಕತ್ತರಿಸಿದರೂ ಅದೇ. ಅಲ್ಲಿಯವರೆಗೆ ಸರಿ. ಆದರೆ ವೈರನ್ನು ಕತ್ತರಿಸದೆ, ಎರಡು ತಂತಿಗಳ ಸಿಪ್ಪೆ ಸುಲಿದು ಒಂದಕ್ಕೊಂದು ಮುಟ್ಟಿಸಿಬಿಟ್ಟರೆ? ರೆಸಿಸ್ಟರ್ ತುದಿಯಲ್ಲಿದ್ದರೆ ಓಮ್ ಸೊನ್ನೆಗೆ ಬೀಳುತ್ತದೆ, ಪ್ಯಾನೆಲ್‌ಗೆ ತಕ್ಷಣ ಅನುಮಾನ ಬರುತ್ತದೆ. ರೆಸಿಸ್ಟರ್ ಡಬ್ಬದೊಳಗೇ ಇದ್ದರೆ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ. ಆಮೇಲೆ ಬಾಗಿಲನ್ನು ಹಗಲೆಲ್ಲ ತೆರೆದಿಟ್ಟರೂ ಅಲಾರಂ ತೆಪ್ಪಗೆ ಕೂತಿರುತ್ತದೆ.

ಎಲೆಕ್ಟ್ರಿಷಿಯನ್ ಇದನ್ನು ಪೂರ್ತಿ ನಂಬಲಿಲ್ಲ. ಹೊಸ ಬೋರ್ಡನ್ನು ಮೇಜಿನ ಮೇಲೆ ಇಟ್ಟು, ಬ್ಯಾಟರಿ ಮತ್ತು ಕೀಪ್ಯಾಡ್ ಮಾತ್ರ ಜೋಡಿಸಿ, ಒಂದು ಝೋನಿಗೆ ಹಳೆಯವರು ಮಾಡಿದ ಹಾಗೆಯೇ ರೆಸಿಸ್ಟರ್ ಹಾಕಿ ತೋರಿಸಿದೆ. ತಂತಿಯ ತುದಿಯಲ್ಲಿ ಒಂದು ಮ್ಯಾಗ್ನೆಟಿಕ್ ಸ್ವಿಚ್, ಮ್ಯಾಗ್ನೆಟ್ ಹತ್ತಿರ ಇದ್ದರೆ ಕೂಡಿಕೊಳ್ಳುವಂಥದ್ದು. ಮ್ಯಾಗ್ನೆಟ್ ದೂರ ಮಾಡಿದರೆ ಎಲ್ಲ ಸರಿ ಅನ್ನುವ ಕೀಪ್ಯಾಡ್‌ನ ಹಸಿರು ದೀಪ ಆರಿತು. ನಡುವೆ ಒಂದು ಸೇಫ್ಟಿ ಪಿನ್ ಅಡ್ಡ ಚುಚ್ಚಿ ಮತ್ತೆ ದೂರ ಮಾಡಿದೆ. ದೀಪ ಅಲ್ಲಾಡಲಿಲ್ಲ. "ಅಯ್ಯೋ, ಇಷ್ಟೇನಾ ಸರ್! ಹಾಗಾದ್ರೆ ಇಷ್ಟು ವರ್ಷ ಇದು ಸುಮ್ನೆ ಇತ್ತಾ?" ಅಂದರು. ಸುಮ್ನೆ ಇರಲಿಲ್ಲ, ಸಾಮಾನ್ಯ ಕಳ್ಳನಿಗೆ ಅಷ್ಟೇ ಸಾಕಿತ್ತು. ವೈರಿಂಗ್ ಗೊತ್ತಿರುವವನಿಗೆ, ಅಥವಾ ಮನೆಗೆ ಹಗಲು ಬಂದುಹೋಗುವವನಿಗೆ ಸಾಕಾಗುತ್ತಿರಲಿಲ್ಲ.

ಈ ತಲೆನೋವು ಅಲಾರಂನಷ್ಟೇ ಹಳೆಯದು. ಬಾಸ್ಟನ್ ಹತ್ತಿರದ ಆಗಸ್ಟಸ್ ರಸೆಲ್ ಪೋಪ್ ಎಂಬಾತ 1853ರಲ್ಲಿ ವಿದ್ಯುತ್ ಕಳ್ಳಗಂಟೆಗೆ ಪೇಟೆಂಟ್ ಪಡೆದ. ಎಡ್ವಿನ್ ಹೋಮ್ಸ್ ಆಮೇಲೆ ಆ ಹಕ್ಕನ್ನು ಕೊಂಡು ವ್ಯಾಪಾರ ಬೆಳೆಸಿದ. ಪೋಪ್‌ನ ಏರ್ಪಾಟಿನಲ್ಲಿ ಬಾಗಿಲು ತೆರೆದಾಗ ಸರ್ಕ್ಯೂಟ್ ಕೂಡಿ ಗಂಟೆ ಹೊಡೆಯುತ್ತಿತ್ತು. ಅಂದರೆ ವೈರ್ ಕತ್ತರಿಸಿದರೆ ಗಂಟೆಯೇ ಇಲ್ಲ. ಸದಾ ಕೂಡಿಕೊಂಡಿದ್ದು, ಕಡಿದಾಗ ಕೂಗುವ ಮುಚ್ಚಿದ ಸರ್ಕ್ಯೂಟ್ ಕತ್ತರಿಗೆ ಉತ್ತರ ಕೊಟ್ಟಿತು. ತುದಿಯ ರೆಸಿಸ್ಟರ್ ಸೇಫ್ಟಿ ಪಿನ್‌ಗೆ ಉತ್ತರ ಕೊಡುತ್ತದೆ. ಅದನ್ನು ಡಬ್ಬದಲ್ಲಿ ಇಟ್ಟರೆ ಆ ಉತ್ತರವನ್ನೇ ಕಿತ್ತು ಹಾಕಿದ ಹಾಗೆ.

ಹೊಸ ಪ್ಯಾನೆಲ್‌ಗೆ ಬೇಕಾದದ್ದು 5.6 ಕಿಲೋಓಮ್, ಹಸಿರು, ನೀಲಿ, ಕೆಂಪು ಪಟ್ಟಿಯದು. ಇದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. 1 ಕೆ (ಕಿಲೋಓಮ್) ಕೇಳುವವೂ ಇವೆ, 2 ಕೆ ಕೇಳುವವೂ ಇವೆ, ಕೆಲವದರಲ್ಲಿ ಪ್ರೋಗ್ರಾಮಿಂಗ್‌ನಲ್ಲೇ ಬೆಲೆ ಆರಿಸಿಕೊಳ್ಳಬಹುದು. ನನ್ನ ಪ್ಯಾನೆಲ್‌ನಲ್ಲಿ ಆ ಸೌಕರ್ಯ ಇರಲಿಲ್ಲ. ಹಾಗಾಗಿ ಪ್ರತಿ ಸೆನ್ಸರ್ ಬಿಚ್ಚಿ, ರೆಸಿಸ್ಟರ್ ಒಳಗೆ ಕೂರಿಸಿ, ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಏರಿಸಿ ಮುಚ್ಚುತ್ತಾ ಹೋದೆ. ಬೇಸರದ ಕೆಲಸ. ಸ್ಟೂಲ್ ಹತ್ತುವುದು, ಇಳಿಯುವುದು, ಅಷ್ಟರಲ್ಲಿ ಬೆಸುಗೆ ಕಡ್ಡಿ ತಣ್ಣಗಾಗುವುದು.

ಪಿಐಆರ್‌ಗಳಿಗೆ ಎರಡು ರೆಸಿಸ್ಟರ್‌ನ ವೈರಿಂಗ್ ಮಾಡಿದೆ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಪಿಐಆರ್ ಒಳಗೆ ಎರಡು ಜೋಡಿ ಸ್ವಿಚ್ ಟರ್ಮಿನಲ್ ಇರುತ್ತವೆ. ಒಂದು ಅಲಾರಂ, ಯಾರಾದರೂ ಓಡಾಡಿದರೆ ತೆರೆದುಕೊಳ್ಳುವುದು. ಇನ್ನೊಂದು ಟ್ಯಾಂಪರ್, ಪಿಐಆರ್‌ನ ಮುಚ್ಚಳ ತೆಗೆದರೆ ತೆರೆದುಕೊಳ್ಳುವುದು. ಅಲಾರಂ ಸ್ವಿಚ್‌ಗೆ ಅಡ್ಡಲಾಗಿ ಒಂದು 5.6 ಕೆ. ಅದೇ ದಾರಿಯಲ್ಲಿ ಸಾಲಾಗಿ ಟ್ಯಾಂಪರ್ ಮತ್ತು ಇನ್ನೊಂದು 5.6 ಕೆ. ಈಗ ಎರಡೇ ತಂತಿಯಲ್ಲಿ ನಾಲ್ಕು ಸುದ್ದಿ ಹೋಗುತ್ತವೆ. 5.6 ಕೆ ಕಂಡರೆ ಎಲ್ಲ ಸರಿ, ಯಾಕೆಂದರೆ ಮುಚ್ಚಿರುವ ಅಲಾರಂ ಸ್ವಿಚ್ ತನ್ನ ಅಡ್ಡ ಇರುವ ರೆಸಿಸ್ಟರನ್ನು ಲೆಕ್ಕದಿಂದ ತೆಗೆದುಬಿಡುತ್ತದೆ. ಎರಡೂ ಸೇರಿ 11.2 ಕೆ ಕಂಡರೆ ಯಾರೋ ಓಡಾಡಿದರು. ಲೈನ್ ಕಡಿದರೆ ಮುಚ್ಚಳ ತೆಗೆದಿದ್ದಾರೆ ಇಲ್ಲವೇ ವೈರ್ ಕತ್ತರಿಸಿದ್ದಾರೆ. ಸೊನ್ನೆ ಕಂಡರೆ ಶಾರ್ಟ್. ಅಲಾರಂ ಆಫ್ ಇದ್ದಾಗಲೂ ಟ್ಯಾಂಪರ್ ಸುದ್ದಿ ಬರುತ್ತದೆ. ಹಗಲು ಹೊತ್ತಿನಲ್ಲಿ ಕೈಯಾಡಿಸಲು ಬರುವವರಿಗೆ ಅದೇ ಅಡ್ಡಿ.

ಪ್ಯಾನೆಲ್‌ಗೆ ಯಾವ ವೈರನ್ನೂ ಸಿಕ್ಕಿಸುವ ಮೊದಲು ಪ್ರತಿ ಲೂಪನ್ನೂ (ಸೆನ್ಸರ್‌ವರೆಗೆ ಹೋಗಿ ಬರುವ ತಂತಿಯ ಸುತ್ತನ್ನೂ) ಮೀಟರ್‌ನಲ್ಲಿ ಅಳೆದು ಕಾಗದದಲ್ಲಿ ಬರೆದೆ. ಬಾಗಿಲು ಮುಚ್ಚಿದಾಗ ಎಷ್ಟು, ತೆರೆದಾಗ ಎಷ್ಟು. 22 ಗೇಜ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.05 ಓಮ್. 30 ಮೀಟರ್ ದೂರದ ಸೆನ್ಸರ್‌ಗೆ ಹೋಗಿ ಬರುವ ದಾರಿ 60 ಮೀಟರ್, ಎಂದರೆ ಮೂರು ಚಿಲ್ಲರೆ ಓಮ್. ಸಾವಿರಗಳ ಲೆಕ್ಕದಲ್ಲಿ ಅದು ಏನೂ ಅಲ್ಲ. ಹಾಗಾಗಿ ಬಾಗಿಲು ಕಿಟಕಿ ಮುಚ್ಚಿದ್ದಾಗ ಅವುಗಳ ಲೂಪ್‌ಗಳೆಲ್ಲ 5.6 ಕೆ ಆಸುಪಾಸಿನಲ್ಲೇ ಇರಬೇಕು. ರೆಸಿಸ್ಟರ್‌ನ ಐದು ಪರ್ಸೆಂಟ್ ಹೆಚ್ಚುಕಡಿಮೆ ಸೇರಿಸಿಕೊಂಡರೂ 5.3ರಿಂದ 5.9ರ ಒಳಗೆ.

ಅಡುಗೆಮನೆ ಕಿಟಕಿಯ ಲೂಪ್ ಮಾತ್ರ 6.8 ತೋರಿಸಿತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 7.4. ಕೇಬಲ್ ಅಲ್ಲಾಡಿಸಿದರೆ 5.7ಕ್ಕೆ ಇಳಿಯಿತು. ಇಂತಹ ಲೂಪ್ ಪ್ಯಾನೆಲ್‌ಗೆ ಹೋದರೆ ಏನಾಗುತ್ತದೆ ಗೊತ್ತಾ? ಹಗಲೆಲ್ಲ ಸರಿ ಇರುತ್ತದೆ, ರಾತ್ರಿ ಎರಡು ಗಂಟೆಗೆ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಹಳೆಯ ಪ್ಯಾನೆಲ್ ಆಗಾಗ ಕಾರಣವಿಲ್ಲದೆ ಕೂಗುತ್ತಿದ್ದದ್ದು, ನಾವು ಹಲ್ಲಿಯ ಮೇಲೆ ತಪ್ಪು ಹಾಕುತ್ತಿದ್ದದ್ದು ಆಗ ನೆನಪಾಯಿತು. ಕೇಬಲ್ ಹಿಡಿದು ಹೋದರೆ ಸಿಂಕ್ ಹಿಂದಿನ ಜಂಕ್ಷನ್ ಡಬ್ಬಿಯಲ್ಲಿ ಒಂದು ಜಾಯಿಂಟ್ ಸಿಕ್ಕಿತು. ಬೆಸುಗೆ ಇಲ್ಲದೆ ಸುಮ್ಮನೆ ಹೊಸೆದು ಟೇಪ್ ಸುತ್ತಿದ್ದರು. ತೇವಕ್ಕೆ ತಾಮ್ರ ಹಸಿರುಗಟ್ಟಿತ್ತು. ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿದ ಮೇಲೆ 5.6 ಕೆಗೆ ಬಂದು ಅಲ್ಲೇ ನಿಂತಿತು. ಅಲಾರಂ ವೈರಿಂಗ್‌ನಲ್ಲಿ ಜಾಯಿಂಟ್ ಇರದಿದ್ದರೆ ಒಳ್ಳೆಯದು. ಇದ್ದರೆ ಬೆಸುಗೆ ಇರಲೇಬೇಕು. ಕಾಪಾಡುವ ಪ್ಲಾಸ್ಟಿಕ್ ಡಬ್ಬಿ ಕೈಗೆಟುಕುವ ಜಾಗದಲ್ಲಿ ಇರಬೇಕು.

ಬಾಗಿಲು ಕಿಟಕಿಗಳಲ್ಲಿ ಇರುವುದು ರೀಡ್ ಸ್ವಿಚ್. ಗಾಜಿನ ನಳಿಗೆಯೊಳಗೆ ಎರಡು ತೆಳು ಲೋಹದ ನಾಲಿಗೆ, ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡುತ್ತವೆ, ದೂರ ಹೋದರೆ ಬಿಡುತ್ತವೆ. ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್‌ವುಡ್ 1936ರಲ್ಲಿ ಮಾಡಿದ್ದು, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಮರದ ಬಾಗಿಲಿಗೆ ಯಾವ ತಕರಾರೂ ಇಲ್ಲ. ಹಿಂಬಾಗಿಲು ಕಬ್ಬಿಣದ್ದು. ಕಬ್ಬಿಣ ಮ್ಯಾಗ್ನೆಟ್‌ನ ಶಕ್ತಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಬಾಗಿಲು ಮುಚ್ಚಿದ್ದರೂ ಸ್ವಿಚ್ ಕೂಡುವುದೋ ಬಿಡುವುದೋ ಅನ್ನುವ ಸ್ಥಿತಿ. ಮ್ಯಾಗ್ನೆಟ್ ಕೆಳಗೆ ದಪ್ಪ ಪ್ಲಾಸ್ಟಿಕ್ ತುಂಡು ಕೊಟ್ಟು ಎತ್ತರಿಸಿದ ಮೇಲೆ ಸರಿಹೋಯಿತು. ಬಾಗಿಲನ್ನು ಕೈಯಿಂದ ತಳ್ಳಿ, ಎಳೆದು, ಗಾಳಿಗೆ ಅಲುಗುವಷ್ಟು ಅಲುಗಿಸಿ ಓಮ್ ನೋಡಬೇಕು. ಸುಮ್ಮನೆ ಮುಚ್ಚಿ ನೋಡಿದರೆ ಈ ತೊಂದರೆ ಕಾಣುವುದೇ ಇಲ್ಲ.

ಪಿಐಆರ್‌ನ ಜಾಗವನ್ನೂ ಒಂದು ಕಡೆ ಬದಲಾಯಿಸಿದೆ. ಅದು ಮನುಷ್ಯನ ಮೈಯ ಶಾಖ ಜಾಗ ಬದಲಿಸುವುದನ್ನು ನೋಡುತ್ತದೆ. ಎದುರಿನಿಂದ ಅದರತ್ತಲೇ ನಡೆದು ಬರುವವನಿಗಿಂತ ಅಡ್ಡ ಹಾಯುವವನನ್ನು ಬೇಗ ಹಿಡಿಯುತ್ತದೆ. ಹಜಾರದ ಪಿಐಆರ್ ಬಾಗಿಲಿಗೆ ನೇರವಾಗಿ, ಬಿಸಿಲು ಬೀಳುವ ಕಿಟಕಿಗೆ ಮುಖ ಮಾಡಿತ್ತು, ಎರಡೂ ತಪ್ಪು. ಪಕ್ಕದ ಮೂಲೆಗೆ, ನೆಲದಿಂದ ಸುಮಾರು ಏಳು ಅಡಿ ಎತ್ತರಕ್ಕೆ ಸರಿಸಿದೆ. ವೈರ್ ಒಳಗೆ ಬರುವ ತೂತನ್ನು ಸಿಲಿಕೋನ್‌ನಿಂದ ಮುಚ್ಚಿದೆ. ಆ ತೂತಿನಲ್ಲಿ ಜೇಡ ಒಳಗೆ ಬಂದು ಸೆನ್ಸರ್ ಕಣ್ಣಿನ ಮುಂದೆಯೇ ಓಡಾಡಿದರೆ ಆನೆ ಬಂದಷ್ಟೇ ಗಲಾಟೆ.

ಇನ್ನು ಕರೆಂಟಿನ ಲೆಕ್ಕ. ಎಲೆಕ್ಟ್ರಿಷಿಯನ್ ಡಬ್ಬಕ್ಕೆ ಬೇರೆಯೇ ಎಂಸಿಬಿಯಿಂದ ಲೈನ್ ಕೊಟ್ಟರು. ಸಾಕೆಟ್‌ಗೆ ಪ್ಲಗ್ ಸಿಕ್ಕಿಸಿ ಬಿಟ್ಟರೆ ಯಾರೋ ಒಂದು ದಿನ ಅದನ್ನು ಕಿತ್ತು ಮೊಬೈಲ್ ಚಾರ್ಜ್‌ಗೆ ಹಾಕುತ್ತಾರೆ. ಲೋಹದ ಡಬ್ಬಕ್ಕೂ ಅದರ ಬಾಗಿಲಿಗೂ ಅರ್ಥ್ ಕೊಟ್ಟರು. ಮೇನ್ಸ್ ಬರುವ ತೂತು ಒಂದು ಬದಿಯಲ್ಲಿ, ಸೆನ್ಸರ್ ವೈರ್‌ಗಳು ಬರುವುದು ಇನ್ನೊಂದು ಬದಿಯಲ್ಲಿ. ಟ್ರಾನ್ಸ್‌ಫಾರ್ಮರ್ ಮೇನ್ಸನ್ನು 16.5 ವೋಲ್ಟ್ ಎಸಿಗೆ ಇಳಿಸುತ್ತದೆ. ಬೋರ್ಡು ಅದನ್ನು ಡಿಸಿ ಮಾಡಿ 12 ವೋಲ್ಟ್ 7 ಆಂಪ್‌ಅವರ್ ಬ್ಯಾಟರಿಯನ್ನು 13.7 ವೋಲ್ಟ್ ಆಸುಪಾಸಿನಲ್ಲಿ ಚಾರ್ಜ್ ಮಾಡುತ್ತಾ ಇರುತ್ತದೆ.

ಬೋರ್ಡಿಗೆ 110 ಮಿಲಿಆಂಪ್, ಕೀಪ್ಯಾಡ್‌ಗೆ 100, ನಾಲ್ಕು ಪಿಐಆರ್‌ಗೆ 15ರಂತೆ 60. ಒಟ್ಟು 270. ಕಾಗದದ ಮೇಲೆ 7 ಆಂಪ್‌ಅವರ್ ಬ್ಯಾಟರಿ ಇದಕ್ಕೆ 26 ಗಂಟೆ ಬರಬೇಕು. ಹೊಸ ಬ್ಯಾಟರಿಗೆ 20 ಗಂಟೆ ಅಂದುಕೊಂಡರೆ ಕ್ಷೇಮ. ಬ್ಯಾಟರಿ ಹಳತಾದಂತೆ ಇದು ಇಳಿಯುತ್ತದೆ. ಬಿಸಿ ಜಾಗದಲ್ಲಿ ಇನ್ನೂ ಬೇಗ ಇಳಿಯುತ್ತದೆ. ಹತ್ತು ಡಿಗ್ರಿ ಶಾಖ ಹೆಚ್ಚಾದರೆ ಆಯಸ್ಸು ಅರ್ಧ ಅಂತ ಬ್ಯಾಟರಿ ಕೆಲಸದವರ ಲೆಕ್ಕ. ಅದಕ್ಕೇ ಡಬ್ಬವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬಾರದು.

ತೊಂದರೆ ಕಂಡದ್ದು ಸೈರನ್‌ನಲ್ಲಿ. ಸೆನ್ಸರ್ ಲೂಪಿನಲ್ಲಿ ಲೆಕ್ಕಕ್ಕೇ ಬಾರದ ಆ ಮೂರು ಓಮ್ ಇಲ್ಲಿ ಸಿಕ್ಕಿಬಿತ್ತು. ಹೊರಗಿನ ಸೈರನ್ 1 ಆಂಪ್ ಎಳೆಯುತ್ತದೆ, ಡಬ್ಬದಿಂದ 30 ಮೀಟರ್ ದೂರ. ಓಮ್‌ನ ನಿಯಮದಂತೆ ದಾರಿಯಲ್ಲೇ ಮೂರು ವೋಲ್ಟ್ ಹೋಗುತ್ತದೆ. ಮೇನ್ಸ್ ಇಲ್ಲದಾಗ ಬ್ಯಾಟರಿಯಲ್ಲಿ ಇರುವುದೇ 12 ಚಿಲ್ಲರೆ. ಸೈರನ್‌ಗೆ ಸಿಗುವುದು 9 ವೋಲ್ಟ್. ಕೂಗುತ್ತದೆ, ಆದರೆ ಗಂಟಲು ಕಟ್ಟಿದ ಹಾಗೆ. ಅದೃಷ್ಟಕ್ಕೆ ಆ ಕೇಬಲ್‌ನಲ್ಲಿ ಆರು ತಂತಿ ಇದ್ದವು, ಬಳಕೆಯಲ್ಲಿ ಇದ್ದದ್ದು ಎರಡೇ. ಪ್ಲಸ್‌ಗೆ ಎರಡು, ಮೈನಸ್‌ಗೆ ಎರಡು ಸೇರಿಸಿದೆ. ನಷ್ಟ ಅರ್ಧವಾಯಿತು. ಉಳಿದ ಎರಡು ಸೈರನ್ ಡಬ್ಬದ ಟ್ಯಾಂಪರ್‌ಗೆ ಬಂದವು. ಹೊಸದಾಗಿ ಎಳೆಯುವವರು ಸೈರನ್‌ಗೆ ಇನ್ನೂ ದಪ್ಪನೆಯ 18 ಗೇಜ್ ವೈರ್ ಎಳೆದುಬಿಡಿ, ಈ ಸರ್ಕಸ್ ಬೇಡ.

ಎಲ್ಲ ಸಿಕ್ಕಿಸಿದ ಮೇಲೆ ಕರೆಂಟ್ ಕೊಡುವ ಕ್ರಮಕ್ಕೆ ಕೈಪಿಡಿಯನ್ನೇ ನಂಬಿ. ಕೆಲವದಕ್ಕೆ ಬ್ಯಾಟರಿ ಮೊದಲು, ಕೆಲವದಕ್ಕೆ ಮೇನ್ಸ್ ಮೊದಲು. ಪ್ಲಸ್ ಮೈನಸ್ ಅದಲುಬದಲಾದರೆ ಫ್ಯೂಸ್ ಹೋದರೆ ಪುಣ್ಯ, ಬೋರ್ಡೇ ಹೋಗಲೂಬಹುದು. ಸೈರನ್‌ನ ಒಂದು ತಂತಿಯನ್ನು ಕಳಚಿ ಇಟ್ಟು, ಆ ಜಾಗದಲ್ಲಿ 1 ಕೆ ರೆಸಿಸ್ಟರ್ ಹಾಕಿಕೊಂಡೆ. ನನ್ನ ಪ್ಯಾನೆಲ್ ಸೈರನ್ ಲೈನನ್ನೂ ಕಾಯುತ್ತದೆ, ಅಲ್ಲಿ ಏನೂ ಇಲ್ಲದಿದ್ದರೆ ಹಳದಿ ದೀಪ ಹಚ್ಚಿ ಗೋಳಾಡುತ್ತದೆ. ಪ್ರೋಗ್ರಾಮಿಂಗ್ ಮುಗಿಯುವವರೆಗೆ ಕಿವಿ ಉಳಿಸಿಕೊಳ್ಳಲು ಇದೇ ದಾರಿ.

ಪ್ರೋಗ್ರಾಮಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಅಂಕಿಯ ಸೆಕ್ಷನ್ ನಂಬರ್ ಒತ್ತು, ಬೆಲೆ ಒತ್ತು, ಬೀಪ್ ಕೇಳು, ಅಷ್ಟೇ. ಫ್ಯಾಕ್ಟರಿಯಿಂದ ಬಂದ ಇನ್‌ಸ್ಟಾಲರ್ ಕೋಡ್ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ, ಊರಿಗೆಲ್ಲ ಗೊತ್ತು. ಮೊದಲು ಅದನ್ನು ಬದಲಿಸಿ. ಯೋಚನೆ ಮಾಡಬೇಕಾದದ್ದು ಝೋನ್ ಬಗೆ. ಮುಂಬಾಗಿಲು ಡಿಲೇ ಝೋನ್, ಒಳಗೆ ಬಂದು ಕೋಡ್ ಒತ್ತಲು 30 ಸೆಕೆಂಡ್ ಕೊಟ್ಟೆ. ಕಿಟಕಿಗಳು ಇನ್‌ಸ್ಟಂಟ್. ಹಜಾರದ ಪಿಐಆರ್ ಫಾಲೋವರ್. ಮುಂಬಾಗಿಲಿನಿಂದ ಬಂದವರನ್ನು ಅದು ಆ 30 ಸೆಕೆಂಡ್ ಬಿಟ್ಟುಕೊಡುತ್ತದೆ, ಕಿಟಕಿ ಗಾಜು ಒಡೆದು ನೇರ ಹಜಾರಕ್ಕೆ ಇಳಿದವರನ್ನು ಒಂದು ಕ್ಷಣವೂ ಬಿಡುವುದಿಲ್ಲ. ಅದನ್ನು ಇನ್‌ಸ್ಟಂಟ್ ಮಾಡಿದರೆ ಮನೆಯವರೇ ದಿನಾ ಕಳ್ಳರಾಗುತ್ತಾರೆ.

ವಾಕ್ ಟೆಸ್ಟ್‌ಗೆ ಮನೆಯವರನ್ನೆಲ್ಲ ಸೇರಿಸಿಕೊಂಡೆ. ಒಬ್ಬರು ನಡೆಯುವುದು, ಒಬ್ಬರು ಕೀಪ್ಯಾಡ್ ನೋಡಿ ಝೋನ್ ನಂಬರ್ ಕೂಗುವುದು. "ನಾಲ್ಕು! ಇಲ್ಲ ಇಲ್ಲ, ಆರು, ಯಾರದು ಅಡುಗೆಮನೆಯಲ್ಲಿ?" ಮಗಳು ನೆಲದ ಮೇಲೆ ತೆವಳಿ ಪಿಐಆರ್‌ಗೆ ಸಿಕ್ಕದೆ ಹೋಗಲು ನೋಡಿದಳು, ಸಿಕ್ಕಿಬಿದ್ದಳು. ಬರೀ ಓಡಾಡಿ ನೋಡಿದರೆ ಸಾಲದು. ಒಂದು ಪಿಐಆರ್ ಮುಚ್ಚಳ ತೆಗೆದೆ, ಟ್ಯಾಂಪರ್ ಬಂತು. ಕಿಟಕಿಯ ಸ್ವಿಚ್ ಹತ್ತಿರ ಅದೇ ಸೇಫ್ಟಿ ಪಿನ್ ಅಡ್ಡ ಕೊಟ್ಟೆ, ಈ ಸಲ ಪ್ಯಾನೆಲ್ ಬಿಡಲಿಲ್ಲ, ಕೀಪ್ಯಾಡ್‌ನಲ್ಲಿ ಝೋನ್ ಫಾಲ್ಟ್ ಬಂತು. ಎಲೆಕ್ಟ್ರಿಷಿಯನ್ ಆ ಪಿನ್ನನ್ನು ಇಸಿದುಕೊಂಡು ಉಳಿದ ಕಿಟಕಿಗಳಿಗೂ ತಾವೇ ಹಾಕಿ ನೋಡಿದರು.

ಕೊನೆಗೆ ಸೈರನ್ ಜೋಡಿಸಿ, ಅಕ್ಕಪಕ್ಕದವರಿಗೆ ಮೊದಲೇ ಹೇಳಿ, ಒಂದು ಸಲ ಪೂರ್ತಿ ಕೂಗಿಸಿದೆವು. ನಾಲ್ಕು ನಿಮಿಷಕ್ಕೆ ತಾನಾಗಿ ನಿಲ್ಲಬೇಕು, ನಿಂತಿತು. ಆ ರಾತ್ರಿ ಎಂಸಿಬಿ ಇಳಿಸಿ ಬ್ಯಾಟರಿ ಮೇಲೆಯೇ ಬಿಟ್ಟೆ. ಬೆಳಿಗ್ಗೆ 12.3 ವೋಲ್ಟ್ ಇತ್ತು. 11.5 ಹತ್ತಿರ ಬಂದರೆ ಪ್ಯಾನೆಲ್ ಬ್ಯಾಟರಿ ಕಡಿಮೆ ಅಂತ ಹೇಳಲು ಶುರು ಮಾಡುತ್ತದೆ, ಅದಕ್ಕೆ ಇನ್ನೂ ದೂರವಿತ್ತು. ಲೂಪ್‌ಗಳ ಓಮ್ ಬರೆದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಡಬ್ಬದ ಬಾಗಿಲ ಒಳಗೆ ಅಂಟಿಸಿದ್ದೇನೆ. ಮುಂದೆ ಯಾವುದಾದರೂ ಝೋನ್ ಕಿರಿಕಿರಿ ಮಾಡಿದರೆ ಇವತ್ತಿನ ಓಮ್ ಜೊತೆ ಹೋಲಿಸಿ ನೋಡಬಹುದು.

ಒಂದು ಕೆಲಸ ಬಾಕಿ ಇದೆ. ತಾರಸಿ ಬಾಗಿಲಿನ ಕೇಬಲ್ ಗೋಡೆಯೊಳಗೆಲ್ಲೋ ಕಡಿದಿದೆ, ಮೀಟರ್ ಏನನ್ನೂ ತೋರಿಸಲಿಲ್ಲ. ಸದ್ಯಕ್ಕೆ ಆ ಝೋನನ್ನು ಪ್ರೋಗ್ರಾಮಿಂಗ್‌ನಲ್ಲೇ ಮುಚ್ಚಿಟ್ಟಿದ್ದೇನೆ. ಟರ್ಮಿನಲ್‌ಗೆ ಒಂದು 5.6 ಕೆ ಹಾಕಿ ಎಲ್ಲ ಸರಿ ಅಂತ ತೋರಿಸಬಹುದಿತ್ತು, ಬೇಡ ಅನ್ನಿಸಿತು. ಆ ಬಾಗಿಲಿಗೆ ಮಾತ್ರ ಗೋಡೆ ಮೇಲಿನ ಕೇಸಿಂಗ್‌ನಲ್ಲಿ ಹೊಸ ಕೇಬಲ್ ಎಳೆಯಬೇಕು. ಎಲೆಕ್ಟ್ರಿಷಿಯನ್ ಬಿಡುವು ಮಾಡಿಕೊಂಡು ಬರುತ್ತೇನೆ ಅಂದಿದ್ದಾರೆ.